ಮನೆಯವರ ದುಡಿಮೆಯ ಪಗಾರ ಯಾರು ಬರೆಯಬೇಕು?

ಗದಗ ಜಿಲ್ಲೆಯ ರೋಣದ ಕಡೆ ಎರೆ ಹೊಲ ಇರುವ ಯಾರನ್ನಾದರೂ ಕೇಳಿ, ಈ ಸಲ ಹೆಸರು ಬೆಳೆಯಲ್ಲಿ ಎಕರೆಗೆ ಎಷ್ಟು ಉಳಿಯಿತು ಅಂತ. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಬೆಳೆಗೆ ಕೀಟನಾಶಕ ಹೊಡೆದದ್ದು, ಆಳಿನ ಪಗಾರ, ರಾಶಿ ಮಾಡುವ ಖರ್ಚು ಎಲ್ಲ ಕಳೆದು ಒಂದು ಮೊತ್ತ ಹೇಳುತ್ತಾರೆ. ಮನೆಯವರು ಬಗ್ಗಿ ಕಸ ತೆಗೆದ ದಿನಗಳು ಅದರಲ್ಲಿ ಇರುವುದೇ ಇಲ್ಲ. ನಮ್ಮ ಮನೆಯಲ್ಲೂ ಹಾಗೇ, ಕಾಕಾ, ಕಾಕಿಯ ದುಡಿಮೆ ಲೆಕ್ಕಕ್ಕೇ ಬರುವುದಿಲ್ಲ. ಇದು ನನಗೆ ತುಂಬಾ ನೋವಿನ ವಿಷಯ, ಯಾಕಂದರೆ 5 ಎಕರೆ ಒಳಗಿನ ರೈತ ಹೊಲಕ್ಕೆ ಹಾಕುವುದರಲ್ಲಿ ದೊಡ್ಡ ಪಾಲು ಮೈಗೆಲಸವೇ ಅಲ್ವಾ?

ಸುಮ್ನೆ ಉದಾಹರಣೆಗೆ ಹಿಡಿಯೋಣ. ಎಕರೆಗೆ 3 ಕ್ವಿಂಟಲ್ ಹೆಸರು, ಪೇಟೆಯಲ್ಲಿ 7000 ರೂಪಾಯಿ ದರ, ಒಟ್ಟು 21000. ಕೈಯಿಂದ ಹೋದದ್ದು 12000. ಉಳಿದದ್ದು 9000, ಪರವಾಗಿಲ್ಲ ಅನಿಸುತ್ತದೆ. ಮನೆಯವರ 20 ದಿನದ ಕೆಲಸಕ್ಕೆ ದಿನಕ್ಕೆ 400 ಹಿಡಿದರೆ 8000 ಆಯಿತು. ಉಳಿಯುವುದು ಒಂದೇ ಸಾವಿರ. ಆ ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟಿದ್ದರೆ ಬರುತ್ತಿದ್ದ ದುಡ್ಡನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಸರ್ಕಾರದ ಲೆಕ್ಕದಲ್ಲಿ ಇದಕ್ಕೆಲ್ಲ ಹೆಸರಿದೆ. ಕೈಯಿಂದ ಹೋದ ಖರ್ಚಿಗೆ ಮನೆಯವರ ದುಡಿಮೆ ಸೇರಿಸಿದರೆ ಎ2+ಎಫ್‌ಎಲ್. ಸ್ವಂತ ಭೂಮಿಯ ಬಾಡಿಗೆ, ಬಂಡವಾಳದ ಬಡ್ಡಿ ಕೂಡ ಸೇರಿದರೆ ಸಿ2. ಖರ್ಚಿನ ಒಂದೂವರೆ ಪಟ್ಟು ಬೆಂಬಲ ಬೆಲೆ ಅನ್ನುವ ಲೆಕ್ಕವನ್ನು ಸರ್ಕಾರ ಹಿಡಿಯುವುದು ಮೊದಲನೆಯದರ ಮೇಲೆ, ರೈತ ಸಂಘಟನೆಗಳು ಕೇಳುತ್ತಿರುವುದು ಸಿ2 ಮೇಲೆ. 2024-25ರಲ್ಲಿ ಹೆಸರು ಬೆಳೆಗೆ ಕ್ವಿಂಟಲ್ ಖರ್ಚು 5788 ಅಂತ ಹಿಡಿದು 8682 ರೂಪಾಯಿ ಬೆಂಬಲ ಬೆಲೆ ಕೊಟ್ಟರು. ಆದರೆ ಅದು ಇಡೀ ದೇಶದ ಸರಾಸರಿ. ಮೇಲಿನ ಉದಾಹರಣೆಯಲ್ಲಿ ಕ್ವಿಂಟಲ್‌ಗೆ ಖರ್ಚು 6600 ದಾಟುತ್ತದೆ, ಮಳೆ ಕೈಕೊಟ್ಟು 2 ಕ್ವಿಂಟಲ್‌ಗೆ ಇಳಿದರೆ ಅದೇ ಖರ್ಚು 10000 ಆಗುತ್ತದೆ. ಮಳೆ ನಂಬಿದ ಹೊಲದಲ್ಲಿ ಒಂದು ವರ್ಷದ ಅಂಕಿ ನೋಡಿ ಲಾಭ ನಷ್ಟ ಹೇಳಬಾರದು, ನಾಲ್ಕೈದು ವರ್ಷದ್ದು ಬೇಕು.

ಇನ್ನೊಂದು ವಿಷಯ, ಬೆಳೆ ಬೆಳೆಗೆ ಬೇರೆ ಬೇರೆ ಲೆಕ್ಕ ಹಾಕಿದರೂ ಮೋಸ ಹೋಗುತ್ತೇವೆ. ಹೆಸರು ಎರಡು ಎರಡೂವರೆ ತಿಂಗಳಲ್ಲಿ ಹೊಲ ಬಿಡುತ್ತದೆ, ಹಿಂದೆಯೇ ಹಿಂಗಾರಿಗೆ ಕಡಲೆಯೋ ಜೋಳವೋ ಬಿತ್ತಬಹುದು. ಮೆಣಸಿನಕಾಯಿಗೆ ದರ ಸಿಕ್ಕ ವರ್ಷ ಕೈತುಂಬಾ ದುಡ್ಡು, ನಿಜ. ಆದರೆ ಅದು ಚಳಿಗಾಲದವರೆಗೂ ಹೊಲ ಹಿಡಿದುಕೊಂಡು ಕೂರುತ್ತದೆ, ಬಿಡಿಸಲು ಆಳು ಜಾಸ್ತಿ ಬೇಕು. ಹಾಗಾಗಿ ಒಂದು ಮೆಣಸಿನಕಾಯಿ ಬೆಳೆಯನ್ನು ಹೆಸರು, ಕಡಲೆ ಎರಡರ ಜೊತೆ ಇಟ್ಟು ನೋಡಬೇಕು. ಎತ್ತಿಗೆ ಹೋದ ಹೊಟ್ಟನ್ನೂ ಆದಾಯಕ್ಕೆ ಬರೆಯಬೇಕು, ಕೊಂಡು ತಂದಿದ್ದರೆ ಅದಕ್ಕೂ ದುಡ್ಡು ಕೊಡಲೇಬೇಕಿತ್ತು.

ಕಾಕಾನಿಗೆ ನಾನು ಹೇಳಿದ್ದು ಇಷ್ಟೇ. ಡೈರಿಯಲ್ಲಿ ಮನೆಯವರ ದುಡಿಮೆ ಅಂತ ಒಂದು ಸಾಲು ಹಾಕಿ, ದುಡಿದ ದಿನಗಳನ್ನು ಬರೆಯಿರಿ. ಕಾಕಿಯದ್ದನ್ನು ಬೇರೆ ಬರೆಯಿರಿ. ಕೊನೆಗೆ ಉಳಿದ ದುಡ್ಡನ್ನು ಆ ದಿನಗಳಿಂದ ಭಾಗಿಸಿ. ಊರಲ್ಲಿ ಆಳಿಗೆ ಕೊಡುವ ಪಗಾರಕ್ಕಿಂತ ಅದು ಕಡಿಮೆ ಬಂದರೆ, ಮುಂದಿನ ವರ್ಷ ಯಾವ ಬೆಳೆ, ಎಷ್ಟು ಎಕರೆ ಅನ್ನುವ ಮಾತನ್ನು ಕಾಕಿಯನ್ನೂ ಕೂರಿಸಿಕೊಂಡೇ ಆಡಬೇಕು.