ಪದಬಂಧಕ್ಕಿಂತ ಮೊದಲು ಕಿವಿ

ಮಿದುಳು ಚುರುಕಾಗಿರಲು ಪದಬಂಧ ಬಿಡಿಸಿದರೆ ಸಾಕೆಂದು ನಮ್ಮ ಮನೆಯವರ ನಂಬಿಕೆ. ನಾನು ಮಾತ್ರ ಅಪ್ಪನಿಗೆ ಮೊದಲು ಕಿವಿಯ ಪರೀಕ್ಷೆ ಮಾಡಿಸಿದೆ. ಮರೆಗುಳಿತನಕ್ಕೆ ದಾರಿಮಾಡುವ, ನಾವು ಹತೋಟಿಗೆ ತರಬಹುದಾದ 14 ಕಾರಣಗಳನ್ನು ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯ 2024ರ ತಜ್ಞರ ಆಯೋಗ ಗುರುತಿಸಿದೆ. ರಕ್ತದೊತ್ತಡ, ಧೂಮಪಾನ, ಒಂಟಿತನದ ಜೊತೆ ಕಿವುಡೂ ಅದರಲ್ಲಿದೆ.

ಊಟದ ಹೊತ್ತಿನಲ್ಲಿ ಅಪ್ಪ ಎಲ್ಲದಕ್ಕೂ ತಲೆಯಾಡಿಸಿ ಸುಮ್ಮನಾಗುತ್ತಿದ್ದರು. ಈಗ ಶ್ರವಣಸಾಧನ ಸಿಕ್ಕಿಸಿಕೊಂಡು ವಾದಕ್ಕೇ ಇಳಿಯುತ್ತಾರೆ. ಅದರ ಗುಂಡಿಯಷ್ಟು ಪುಟ್ಟ ಬ್ಯಾಟರಿ ಬದಲಿಸುವಾಗ ಗೊಣಗುತ್ತಾರೆ. (ಗೊಣಗಲಿ!)

ಇದರಿಂದಲೇ ಮರೆವು ದೂರವಾಗುತ್ತದೆ ಎನ್ನಲಾರೆ. ಹಿರಿಯರಿಗೆ ಶ್ರವಣಸಾಧನ ಕೊಟ್ಟು ನೋಡಿದ, 2023ರಲ್ಲಿ ಪ್ರಕಟವಾದ ‘ಅಚೀವ್’ ಪ್ರಯೋಗದಲ್ಲಿ ಒಟ್ಟಾರೆ ಲಾಭ ಕಾಣಲಿಲ್ಲ. ಆದರೆ ಅಪಾಯ ಹೆಚ್ಚಿದ್ದ ಹಿರಿಯರಲ್ಲಿ ಬುದ್ಧಿಶಕ್ತಿಯ ಕುಸಿತ ಮೂರು ವರ್ಷಗಳಲ್ಲಿ ಶೇ 48ರಷ್ಟು ನಿಧಾನವಾಯಿತು. ನನಗೆ ಅಷ್ಟು ಸಾಕು. ಅಮ್ಮನ ಹೆಸರನ್ನೂ ಪರೀಕ್ಷೆಗೆ ಬರೆಸಿದ್ದೇನೆ.