ಸಾಂತಾ ಕ್ರೂಜ್‌ನ ಸರ್ಜ್‌ಗೆ ಬೋಟು ಕಟ್ಟುವುದು

ಚಳಿಗಾಲದಲ್ಲಿ ಪೆಸಿಫಿಕ್‌ನ ದೂರದ ಬಿರುಗಾಳಿಗಳಿಂದ 15-20 ಸೆಕೆಂಡಿಗೊಂದರಂತೆ ದೊಡ್ಡ ಅಲೆ ಬರತೊಡಗಿದರೆ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ಬಂದರಿನ ಒಳಗೂ ನೀರು ಸುಮ್ಮನಿರುವುದಿಲ್ಲ. ಅಲೆ ಕಣ್ಣಿಗೆ ಬೀಳದಿದ್ದರೂ ಇಡೀ ನೀರು ಒಳಕ್ಕೂ ಹೊರಕ್ಕೂ ಹರಿದಾಡುತ್ತದೆ (ಇದೇ ಸರ್ಜ್), ಬೋಟು ಅದರ ಜೊತೆ ಹಿಂದೆ ಮುಂದೆ ಓಡುತ್ತದೆ. ಹಗ್ಗ ಜೋಲಾಗಿದ್ದರೆ ಬೋಟು ವೇಗ ಹಿಡಿದು ಕೊನೆಗೆ ಜಗ್ಗುತ್ತದೆ. ಆ ಜಗ್ಗೇ ಕ್ಲೀಟನ್ನು (ಹಗ್ಗ ಸುತ್ತಿ ಕಟ್ಟುವ ಕೊಂಬನ್ನು) ಕೀಳುವುದು.

ಈ ಓಟ ತಡೆಯುವುದು ಸ್ಪ್ರಿಂಗ್ ಲೈನ್‌ಗಳು, ಅಂದರೆ ಬೋಟಿನ ಪಕ್ಕದಲ್ಲಿ ಉದ್ದುದ್ದಕ್ಕೆ ಹಾಯುವ ಹಗ್ಗಗಳು. ಮೂತಿಯಿಂದ ಹಿಂದಕ್ಕೊಂದು, ಹಿಂಬದಿಯಿಂದ ಮುಂದಕ್ಕೊಂದು, ಸಿಕ್ಕಷ್ಟು ಉದ್ದಕ್ಕೆ ಕಟ್ಟಿ; ಹಗ್ಗ ಹಿಗ್ಗಿದಷ್ಟೂ ಜಗ್ಗು ಮೆತ್ತಗಾಗುತ್ತದೆ. 10 ಅಡಿಯ ಹಗ್ಗ ಶೇ. 5ರಷ್ಟು ಹಿಗ್ಗಿದರೆ ಸಿಗುವುದು ಅರ್ಧ ಅಡಿ, 25 ಅಡಿಯದಾದರೆ ಒಂದೂಕಾಲು. ಹಾಗಾಗಿ ಮೂತಿಗೂ ಡಾಕ್‌ಗೂ (ಬೋಟು ಕಟ್ಟುವ ಕಟ್ಟೆಗೂ) ನಡುವೆ ಎರಡು ಮೂರು ಅಡಿ ಜಾಗ ಬಿಡಲೇಬೇಕು. ಎರಡೂ ಬದಿ ಫಿಂಗರ್ (ಡಾಕ್‌ನಿಂದ ಚಾಚಿದ ಸಣ್ಣ ಕಟ್ಟೆ) ಇದ್ದರೆ ನಾಲ್ಕು ಸ್ಪ್ರಿಂಗ್ ಹಾಕಿ. ಹಿಂಬದಿಯ ಹಗ್ಗಗಳನ್ನು ಅಡ್ಡ ದಾಟಿಸಿ ಎದುರು ಬದಿಯ ಕ್ಲೀಟ್‌ಗೆ ಕಟ್ಟಿದರೆ ಅವಕ್ಕೂ ಉದ್ದ ಸಿಗುತ್ತದೆ.

30 ಅಡಿಯ ಬೋಟಿಗೆ ಅರ್ಧ ಇಂಚಿನ ಮೂರೆಳೆ ನೈಲಾನ್ ಸಾಕು. ಹಳೆಯ ಹ್ಯಾಲ್ಯಾರ್ಡ್ (ಹಾಯಿ ಏರಿಸುವ ಹಗ್ಗ) ಬಳಸಬೇಡಿ, ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ. ದಪ್ಪ ಇದ್ದಷ್ಟೂ ಒಳ್ಳೆಯದೆಂಬ ಲೆಕ್ಕವೂ ಇಲ್ಲಿ ನಡೆಯದು: 5/8 ಇಂಚಿನದಕ್ಕೆ ಅರ್ಧ ಇಂಚಿನದರ ಒಂದೂವರೆ ಪಟ್ಟು ನೂಲು, ಅಷ್ಟೇ ಬಿರುಸು, ಹಿಗ್ಗುವುದು ಕಡಿಮೆ. ಉದ್ದಕ್ಕೆ ಜಾಗವಿಲ್ಲದಿದ್ದರೆ ರಬ್ಬರ್ ಸ್ನಬ್ಬರ್ (ಜಗ್ಗು ಹೀರುವ ರಬ್ಬರ್ ತುಂಡು) ಹಾಕಿ. ಹಗ್ಗ ಅದರ ಸುತ್ತ ಸುತ್ತಿಕೊಂಡಿರುವುದರಿಂದ ರಬ್ಬರ್ ಹರಿದರೂ ಬೋಟು ಬಿಟ್ಟುಹೋಗದು. ಎರಡನೆಯ ಹಗ್ಗ ಹಾಕುವುದಾದರೆ ಬೇರೆ ಕ್ಲೀಟ್‌ಗೆ, ತುಸು ಸಡಿಲವಾಗಿ.

ಹೆಚ್ಚಿನ ಹಗ್ಗ ತುಂಡಾಗುವುದು ಚಾಕ್‌ನಲ್ಲಿ, ಅಂದರೆ ಬೋಟಿನ ಅಂಚಿನಲ್ಲಿ ಹಗ್ಗ ಹಾದುಹೋಗುವ ಲೋಹದ ಕಂಡಿಯಲ್ಲಿ. ಅಲ್ಲಿ ನೈಲಾನ್ ಹಿಗ್ಗುತ್ತಾ ಕುಗ್ಗುತ್ತಾ ಉಜ್ಜಿ ಕಾಯುತ್ತದೆ. ಪ್ಲಾಸ್ಟಿಕ್ ಪೈಪು ತೊಡಿಸಿದರೆ ಬಿಸಿ ಒಳಗೇ ಉಳಿಯುತ್ತದೆ, ನೀರೂ ತಾಗುವುದಿಲ್ಲ. ಚರ್ಮ ಅಥವಾ ನೀರು ಹೀರುವ ದಪ್ಪ ಬಟ್ಟೆಯ ಕವಚ ಒಳ್ಳೆಯದು, ಚಾಕ್‌ನ ಎರಡೂ ಕಡೆ ಒಂದೊಂದು ಅಡಿ ಬರುವಂತೆ ಹಗ್ಗಕ್ಕೇ ಹೊಲಿಯಿರಿ. ಕವಚ ಸರಿಸಿ ಬೆರಳಾಡಿಸಿ ನೋಡಿ: ತುಸು ತುಪ್ಪಳ ಎದ್ದಿದ್ದರೆ ಚಿಂತೆಯಿಲ್ಲ, ಹೊಳಪಾಗಿ ಗಡುಸಾಗಿದ್ದರೆ ಕರಗಿದೆ, ಬದಲಿಸಿ. ಡಾಕ್ ಕ್ಲೀಟನ್ನೂ ಕೈಯಲ್ಲಿ ಅಲ್ಲಾಡಿಸಿ. ಬೋಲ್ಟಿನ ಸುತ್ತ ಮರ ಮೆತ್ತಗಾಗಿದ್ದರೆ ಹೊಸ ಹಗ್ಗದಿಂದ ಏನೂ ಆಗದು.

ಸುನಾಮಿ ಎಚ್ಚರಿಕೆ ಬಂದರೆ ಹಗ್ಗ ಸರಿಮಾಡಲು ದಯವಿಟ್ಟು ಡಾಕ್‌ಗೆ ಇಳಿಯಬೇಡಿ. 2011ರ ಮಾರ್ಚ್‌ 11ರಂದು ಇದೇ ಬಂದರಿನಲ್ಲಿ ಡಾಕ್‌ಗಳೇ ಮುರಿದಿದ್ದವು.

ಇನ್ನೊಂದು, ಪಕ್ಕದ ಬೋಟೂ ಹೊಯ್ದಾಡುತ್ತದೆ. ಎರಡರ ಮಾಸ್ಟ್ (ಹಾಯಿಕಂಬ) ಒಂದೇ ಸಾಲಿನಲ್ಲಿದ್ದರೆ ಅವುಗಳ ಸ್ಪ್ರೆಡರ್‌ಗಳು (ಕಂಬದಿಂದ ಪಕ್ಕಕ್ಕೆ ಚಾಚಿದ ಅಡ್ಡತೋಳುಗಳು) ಸಿಕ್ಕಿಕೊಳ್ಳುತ್ತವೆ. ಒಂದನ್ನು ಎರಡಡಿ ಹಿಂದಕ್ಕೆ ಕಟ್ಟಿ, ಅಥವಾ ಹಿಂದುಮುಂದಾಗಿ ನಿಲ್ಲಿಸಿ.