ಸೇಫ್ಟಿಗಾ ಮೇಡಂ?

ಕುಶಾಲನಗರದ ಆ ಹಾರ್ಡ್‌ವೇರ್ ಅಂಗಡಿಯವನು ಕೆಟ್ಟವನಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪೈಪು, ಕ್ಲಾಂಪು, ಸ್ಪ್ರೇಯರಿನ ವಾಷರು ಅಂತ ವರ್ಷಪೂರ್ತಿ ನಾವು ಹೋಗುವುದು ಅವನ ಹತ್ತಿರವೇ. ಸಾಲ ಬರೆದುಕೊಳ್ಳುತ್ತಾನೆ, ಮುಖ ಸಿಂಡರಿಸುವುದಿಲ್ಲ. ಆದರೆ ಈ ವಾರ ಸಂತೆಯ ದಿನ "ಮಡಚೋ ಚಾಕು ಇದ್ರೆ ತೋರಿಸಿ, ಚಿಕ್ಕದು" ಅಂದ ಕೂಡಲೇ ನನ್ನನ್ನೊಮ್ಮೆ ನೋಡಿದ. ದನಿ ತಗ್ಗಿಸಿ ಕೇಳಿದ: "ಸೇಫ್ಟಿಗಾ ಮೇಡಂ?"

"ಅಲ್ಲ, ಹಗ್ಗ ಕೊಯ್ಯೋಕೆ."

"ಹಗ್ಗಕ್ಕೆ ಕತ್ರಿ ಸಾಕಲ್ವಾ?" ಅಂತ ಕತ್ತರಿಗಳ ಡಬ್ಬಿ ಮುಂದಿಟ್ಟ. ನಾನು ಮುಟ್ಟಲಿಲ್ಲ. ಅವನಿಗೆ ಏನನ್ನಿಸಿತೋ, ಇನ್ನೂ ಮೆಲ್ಲಗೆ ಹೇಳಿದ: "ಮೆಡಿಕಲ್‌ನಲ್ಲಿ ಪೆಪ್ಪರ್ ಸ್ಪ್ರೇ ಕೇಳಿ ನೋಡಿ ಮೇಡಂ. ಲೇಡೀಸ್‌ಗೆ ಅದೇ ಬೆಸ್ಟು."

ಮೆಣಸಿನ ಬಳ್ಳಿ ಕಟ್ಟಲು ಚಾಕು ಹುಡುಕಿ ಬಂದವಳಿಗೆ ಪೆಪ್ಪರ್ ಸ್ಪ್ರೇ! ಅದರಲ್ಲಿ ನಮ್ಮ ಕರಿಮೆಣಸು ಒಂದು ಕಾಳೂ ಇರುವುದಿಲ್ಲ, ಇರುವುದು ಮೆಣಸಿನಕಾಯಿಯ ಖಾರ. ಆ ಬೇಜಾರು ಬೇರೆ.

ಅಷ್ಟರಲ್ಲಿ ಪಕ್ಕದಲ್ಲಿ ಒಬ್ಬರು ವಯಸ್ಸಾದವರು ಬಂದು "ಕಸಿ ಚಾಕು" ಅಂದರು. ಅಷ್ಟೇ, ಎರಡೇ ಪದ. ಅಂಗಡಿಯವನು ಮೇಲಿನ ಖಾನೆಗೆ ಕೈ ಹಾಕಿ ಒಂದಿಷ್ಟು ಚಾಕು ತೆಗೆದ. ಒಂದೊಂದನ್ನೂ ಬಿಡಿಸಿ, ಅಲಗನ್ನು ಹೆಬ್ಬೆರಳ ಉಗುರಿಗೆ ತಾಗಿಸಿ ತೋರಿಸಿದ. ಉಗುರಿನ ಮೇಲೆ ಜಾರಿದರೆ ಮೊಂಡು, ಕಚ್ಚಿದರೆ ಹರಿತ. ಇಬ್ಬರೂ ತಲೆ ಬಗ್ಗಿಸಿಕೊಂಡು ಬೆಳಕಿಗೆ ಹಿಡಿದು ನೋಡಿದರು. ಯಾಕೆ, ಯಾರಿಗೆ, ಯಾವುದೂ ಇಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ ಇಡೀ ದಾರಿ ನನಗೆ ಆ ಉಗುರೇ ಕಣ್ಣಿಗೆ ಕಟ್ಟಿತ್ತು. ನನಗೂ ಹಾಗೆ ತೋರಿಸಬಹುದಿತ್ತಲ್ವಾ?

ಜೂನ್ ಮಳೆ ಹಿಡಿಯಿತೆಂದರೆ ಬಳ್ಳಿ ಏರತೊಡಗುತ್ತದೆ. ಎಳೆ ಗೆಣ್ಣು ಮರಕ್ಕೆ ಅಂಟಿಕೊಂಡೇ ಇರಬೇಕು, ಇಲ್ಲದಿದ್ದರೆ ಬೇರು ಕಚ್ಚುವುದಿಲ್ಲ, ಬಳ್ಳಿ ಜೋತುಬೀಳುತ್ತದೆ. ಹಾಗಾಗಿ ಸಿಲ್ವರ್ ಓಕ್ ಆಗಲಿ, ಹಾಲುವಾಣ ಆಗಲಿ, ಸುತ್ತ ಕಟ್ಟುತ್ತಾ ಹೋಗಬೇಕು. ಜೊತೆಗೆ ಗೊಬ್ಬರದ ಚೀಲದ ಬಾಯಿ, ನರ್ಸರಿ ಗಿಡದ ಪ್ಲಾಸ್ಟಿಕ್ ತೊಟ್ಟೆ, ಪೈಪಿನ ತುದಿ. ಕೆಲಸದವರ ಸೊಂಟದಲ್ಲಿ ಕತ್ತಿ ಇದ್ದೇ ಇರುತ್ತದೆ. ಆದರೆ ಮರಗಸಿ ಮಾಡುವ, ಅಂದರೆ ನೆರಳು ಮರದ ಕೊಂಬೆ ಸವರುವ ಕತ್ತಿಯಲ್ಲಿ ಬಳ್ಳಿಯ ಪಕ್ಕದ ದಾರ ಕೊಯ್ಯಲು ಹೋದರೆ ಬಳ್ಳಿಯೂ ಹೋಗುತ್ತದೆ. ಕೇಳಿದರೆ "ಅಕ್ಕಾ, ಕೈ ಜೋಪಾನ" ಅಂತ ಅರ್ಧ ಕೊಟ್ಟು ಅರ್ಧ ಹಿಡಿದುಕೊಂಡೇ ನಿಲ್ಲುತ್ತಾರೆ. ತೋಟದ ಲೆಕ್ಕ ನಾನು ಬರೆಯುತ್ತೇನೆ, ಸಂಬಳ ನಾನು ಕೊಡುತ್ತೇನೆ, ದಾರ ಕೊಯ್ಯಲು ಮಾತ್ರ ಯಾರನ್ನೋ ಕೂಗಬೇಕು.

ಇದು ಬೇರೆ ಊರಾಗಿದ್ದರೆ ಇಷ್ಟು ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲವೇನೋ. ಆದರೆ ಕೊಡಗಲ್ವಾ! ಮದುವೆ ಗಂಡು ಕುಪ್ಯದ ನಿಲುವಂಗಿ ತೊಟ್ಟು, ಸೊಂಟಕ್ಕೆ ಚೇಲೆ ಸುತ್ತಿ, ಅದಕ್ಕೆ ಪೀಚೆಕತ್ತಿ ಅನ್ನೋ ಚಿಕ್ಕ ಬಾಕು ಸಿಕ್ಕಿಸಿಕೊಳ್ಳದೆ ಹೊರಗೆ ಬರುವುದಿಲ್ಲ. ಸೆಪ್ಟೆಂಬರಿನ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದಿಗೆ ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲ ಸಾಲಾಗಿಟ್ಟು ಪೂಜೆ, ಕೋವಿಯ ಬಾಯಿಗೆ ತೋಕ್ ಪೂವು. ಕೊಡವರಿಗೆ, ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಕೋವಿಯ ಲೈಸೆನ್ಸಿನಿಂದ ವಿನಾಯಿತಿಯೇ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು. ಹಬ್ಬದ ಸ್ಪರ್ಧೆಗಳಲ್ಲಿ ಹೆಂಗಸರೂ ಕೋವಿ ಹಿಡಿದು ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ಅಲ್ಲಿ ಯಾರೂ ದನಿ ತಗ್ಗಿಸಿ "ಸೇಫ್ಟಿಗಾ?" ಅನ್ನುವುದಿಲ್ಲ.

ಅಡುಗೆಮನೆಯಲ್ಲೂ ಅನ್ನುವುದಿಲ್ಲ. ನಮ್ಮತ್ತೆ ಮೆಟ್ಟುಕತ್ತಿಯ, ಅಂದರೆ ಈಳಿಗೆಮಣೆಯ ಮುಂದೆ ಕೂತರೆ ಎಳೆ ಹಲಸು ಕ್ಷಣದಲ್ಲಿ ಹೋಳಾಗುತ್ತದೆ. ಆ ಅಲಗು ನನ್ನ ಮೊಣಕೈಯಷ್ಟಿದೆ. ಹೆಂಗಸಿನ ಕೈಯಲ್ಲಿ ಕತ್ತಿ ಇರಬಹುದು, ಆದರೆ ಅದು ಮಣೆಗೆ ಕಚ್ಚಿಕೊಂಡಿರಬೇಕು. ಅದು ಅವಳ ಜೊತೆ ಗೇಟು ದಾಟಿ ಹೊರಟರೆ ಯಾರೋ ಅವಳನ್ನು ಅಟ್ಟಿಸಿಕೊಂಡು ಬರುತ್ತಿದ್ದಾರೆ ಅಂತ ಅರ್ಥ. ಗಂಡಸಿನ ಜೇಬಿನ ಚಾಕು ಕೆಲಸಕ್ಕೆ, ನನ್ನದು ಹೆದರಿಕೆಗೆ. ಅಂಗಡಿಯವನು ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಅದಕ್ಕೇ ಜಾಸ್ತಿ ಕಿರಿಕಿರಿ. ಬೈಯಲೂ ಆಗುವುದಿಲ್ಲ.

ಮಜಾ ಏನೆಂದರೆ, ಹೆದರಿಕೆಗೆ ಮಡಚುವ ಚಾಕಿನಷ್ಟು ನಿರುಪಯೋಗಿ ವಸ್ತು ಇನ್ನೊಂದಿಲ್ಲ. ಬ್ಯಾಗಿನ ತಳದಿಂದ ಹುಡುಕಿ, ಒದ್ದೆ ಕೈಯಲ್ಲಿ ಬಿಡಿಸುವಷ್ಟರಲ್ಲಿ ಕಳ್ಳ ಸುಂಟಿಕೊಪ್ಪ ದಾಟಿರುತ್ತಾನೆ.

ಕಾನೂನಿಗೂ ಇದು ಲೆಕ್ಕಕ್ಕಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಚಾಕು ಆಯುಧ ಅನ್ನಿಸಿಕೊಳ್ಳಲು ಅಲಗು 9 ಇಂಚಿಗಿಂತ ಉದ್ದ ಇರಬೇಕು, ಇಲ್ಲವೇ 2 ಇಂಚಿಗಿಂತ ಅಗಲ. ಅದರಲ್ಲೂ ಮನೆಗೆಲಸ, ಕೃಷಿಗೆ ಅಂತಲೇ ಮಾಡಿದ್ದನ್ನು ಬಿಟ್ಟಿದ್ದಾರೆ. ನಾನು ಕೇಳಿದ್ದು 3 ಇಂಚಿನ ಒಳಗಿನದು. ವಿಮಾನ ಹತ್ತುವಾಗ ಕೈಚೀಲದಿಂದ ತೆಗೆದು ದೊಡ್ಡ ಲಗೇಜಿಗೆ ಹಾಕಬೇಕು, ಅಷ್ಟೇ. ನಾನು ಹತ್ತುವುದು ಸೋಮವಾರಪೇಟೆ ಬಸ್ಸು.

ಚಾಕಿನ ವಿಷಯದಲ್ಲಿ ನನಗೆ ಪಾಠ ಮಾಡಿದವನು ಬೆಂಗಳೂರಿನಲ್ಲಿರುವ ಅಕ್ಕನ ಮಗ. ಅವನ ಚಾಕು ಇವತ್ತಿನವರೆಗೆ ಕೊಯ್ದಿರುವುದು ಕೊರಿಯರ್ ಡಬ್ಬಿ ಮಾತ್ರ, ಆದರೆ ಉದ್ದುದ್ದ ವಾಯ್ಸ್ ಮೆಸೇಜ್ ಕಳಿಸುತ್ತಾನೆ. ಫ್ರಾನ್ಸಿನ ಒಪಿನೆಲ್ ತಗೋ ಚಿಕ್ಕಮ್ಮ, 1890ರಿಂದ ಮಾಡ್ತಾ ಇದ್ದಾರೆ, ಮರದ ಹಿಡಿ, ಕಾರ್ಬನ್ ಸ್ಟೀಲು, ಕಲ್ಲಿಗೆ ನಾಲ್ಕು ಸಲ ಉಜ್ಜಿದರೆ ಹರಿತ ಅಂದ. ಚಂದದ ಚಾಕು, ಒಪ್ಪಿದೆ. ಆದರೆ ನಮ್ಮ ಜುಲೈಯಲ್ಲಿ ಬೀರುವಿನ ಬಾಗಿಲೇ ಉಬ್ಬಿ ಕೂರುತ್ತದೆ. ಒಪಿನೆಲ್ ಹಿಡಿಯೂ ತೇವಕ್ಕೆ ಉಬ್ಬಿ ಅಲಗನ್ನು ಹಿಡಿದುಕೊಳ್ಳುತ್ತದಂತೆ, ಹಿಡಿಯ ಹಿಂಭಾಗವನ್ನು ಗಟ್ಟಿ ಜಾಗಕ್ಕೆ ಕುಟ್ಟಿ ಅಲಗು ಹೊರಗೆ ಬರಿಸಬೇಕಂತೆ. ಕಾರ್ಬನ್ ಸ್ಟೀಲಿಗೆ ತುಕ್ಕು ಬೇರೆ. ಕಿತ್ತಳೆ ಕೊಯ್ದು ಒರೆಸದೆ ಇಟ್ಟರೆ ಸಂಜೆಗೆ ಕಪ್ಪು ಕಲೆ. ಆಮೇಲೆ ಸ್ವಿಸ್ ವಿಕ್ಟೋರಿನಾಕ್ಸ್ ಅಂದ. ಅದು ಸ್ಟೇನ್‌ಲೆಸ್, ಮಳೆಗೆ ಸರಿ. ಆದರೆ ಅಲಗಿನ ಗೀರಿಗೆ ಉಗುರು ಸಿಕ್ಕಿಸಿ ಬಿಡಿಸಬೇಕು. ಮಣ್ಣು ಮೆತ್ತಿದ ಒದ್ದೆ ಕೈಗೆ ಅದು ಕಷ್ಟ.

ನಾನು ಮತ್ತೆ ಅದೇ ಅಂಗಡಿಗೇ ಹೋದೆ. ಬೇರೆ ಕಡೆ ಹೋಗಬಹುದಿತ್ತು, ಆದರೆ ಆ ಮೇಲಿನ ಖಾನೆ ನೋಡದೆ ಬಿಡುವ ಮನಸ್ಸಿರಲಿಲ್ಲ. "ಅಣ್ಣ, ಎಲ್ಲಾ ತೆಗೀರಿ" ಅಂದೆ. ತೆಗೆದ. ಒಂದೊಂದನ್ನೇ ಬಿಡಿಸಿ ಅಲಗಿನ ತುದಿ ಹಿಡಿದು ಆಕಡೆ ಈಕಡೆ ಅಲ್ಲಾಡಿಸಿದೆ. ರಿವೆಟ್ ಸಡಿಲ ಇರುವುದೆಲ್ಲ ಅಲ್ಲೇ ಗೊತ್ತಾಗುತ್ತದೆ. ಮಡಚಿ, ತಲೆಕೆಳಗೆ ಮಾಡಿ ಕೊಡವಿದೆ. ತಾನಾಗಿ ಬಿಚ್ಚಿಕೊಳ್ಳುವ ಚಾಕು ಜೇಬಿಗೆ ಆಗದು. ಬಿಡಿಸಿದ ಮೇಲೆ ಲಾಕ್ ಕೂರುತ್ತದೆಯಾ ನೋಡಿದೆ. ಲಾಕ್ ಇಲ್ಲದ್ದೂ ಹಗ್ಗಕ್ಕೆ ಸಾಕು, ಆದರೆ ಚೀಲಕ್ಕೆ ಚುಚ್ಚುವಾಗ ಅಲಗು ಹಿಂದಕ್ಕೆ ಮಡಚಿ ಬೆರಳ ಮೇಲೆ ಬೀಳುತ್ತದೆ. ಕೊನೆಗೆ ಆರಿಸಿದ್ದು ಒಂದು ಸ್ಟೇನ್‌ಲೆಸ್. ಒಳಗೆ ತಗಡಿನ ಪಟ್ಟಿಯ ಲಾಕ್, ಹೆಬ್ಬೆರಳಿಂದ ತಳ್ಳಿ ಬಿಡಿಸಲು ಪುಟ್ಟ ಗುಬಟು. ಉಗುರಿಗೆ ತಾಗಿಸಿ ನೋಡಿದೆ, ಕಚ್ಚಿತು. ಅಂಗಡಿಯವನು ಈ ಸಲ ಏನೂ ಕೇಳಲಿಲ್ಲ. "ತೆಂಗಿನೆಣ್ಣೆ ಹಾಕ್ಬೇಡಿ, ಅಂಟಾಗುತ್ತೆ, ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ ಸಾಕು" ಅಂದ. ನಿಜವೇ. ನಮ್ಮ ಡಿಸೆಂಬರ್ ಚಳಿಗೆ ತೆಂಗಿನೆಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟುತ್ತದೆ, ಇನ್ನು ಚಾಕಿನ ಸಂದಿಯಲ್ಲಿ ಕೇಳಬೇಕೇ.

ಮನೆಯಲ್ಲಿ ಭಾವ "ಓಹೋ, ರಾಂಪುರಿ!" ಅಂತ ಸಿನಿಮಾ ರೌಡಿಗಳ ಚಾಕಿನ ಹೆಸರು ಹೇಳಿ ನಕ್ಕರು. ಅವರ ಕೀಚೈನಿನಲ್ಲೇ ಒಂದು ಚಾಕು ನೇತಾಡುತ್ತದೆ, ತುಕ್ಕು ಹಿಡಿದು ಬಿಚ್ಚಿಕೊಳ್ಳುವುದೂ ಇಲ್ಲ. ಅತ್ತೆ ಮಾತ್ರ ಕೈಗೆ ತಗೊಂಡು ತಿರುಗಿಸಿ ನೋಡಿ, ಒಂದು ಕಿತ್ತಳೆ ಕೊಯ್ದು, "ಮೀನಿಗೆ ಆಗಲ್ಲ ಇದು" ಅಂತ ವಾಪಸ್ ಕೊಟ್ಟರು. ವಿಮರ್ಶೆ ಅಂದರೆ ಅದು.

ಉಳಿದದ್ದು ಇಡುವ ಜಾಗ. ಚೂಡಿದಾರಕ್ಕೆ ಜೇಬು ಎಲ್ಲಿದೆ? ದಿನಾ ಜೊತೆಗಿರಬೇಕಾದ ಸಾಮಾನು ಬ್ಯಾಗಿನಲ್ಲಿ, ಬ್ಯಾಗು ಜೀಪಿನಲ್ಲಿ, ಜೀಪು ಗೇಟಿನ ಹತ್ತಿರ ಇದ್ದರೆ ಮತ್ತೆ ಕೂಗುವುದೇ ಗತಿ. ನಿನ್ನೆ ತೋಟಕ್ಕೆ ಹಾಕುವ ಟಾಪ್‌ಗಳನ್ನೆಲ್ಲ ಕಟ್ಟಿಕೊಂಡು ಟೈಲರ್ ಅಕ್ಕನ ಹತ್ತಿರ ಹೋದೆ. ಅವರು ಚಾಕನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು. "ಈ ಬಟ್ಟೆ ತೆಳು, ಭಾರಕ್ಕೆ ಜಗ್ಗುತ್ತೆ. ಒಳಗೆ ಕ್ಯಾನ್ವಾಸ್ ಕೊಟ್ಟು ಡಬಲ್ ಹೊಲಿಗೆ ಹಾಕ್ತೀನಿ. ಸ್ವಲ್ಪ ಜಾಸ್ತಿ ಆಗುತ್ತೆ" ಅಂದರು. ನಾನು ಚೌಕಾಸಿ ಮಾಡಲಿಲ್ಲ.